ಒಡೆದ ಹಿಮ್ಮಡಿ

“ಇದನ್ನು ಅವರಿಗೆ ಹೇಗೆ ಹೇಳುವುದು?” ಎಂದು ಕ್ಯುರೇಟರ್ ಮರಿಯಮ್ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಅವರ ಕೈಯಲ್ಲಿ ಮರಕ್ಕೆ ಹಚ್ಚುವ ಪುಟ್ಟಿಯ ಡಬ್ಬಿ ಇತ್ತು. ಬರ್ ದುಬೈನ ಆ ಗ್ಯಾಲರಿಯಲ್ಲಿ ಮರುದಿನವೇ ಮರದ ಶಿಲ್ಪಗಳ ಪ್ರದರ್ಶನ. ಉಡುಪಿ ಕಡೆಯಿಂದ ಬಂದಿದ್ದ ಶಿಲ್ಪಿ ವಾಸಣ್ಣನಿಗೆ ಇಂಗ್ಲಿಷ್ ಬಾರದು. ಇಬ್ಬರ ನಡುವೆ ಮಾತು ದಾಟಿಸಲು ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ವಾಸಣ್ಣ ಹಲಸಿನ ಮರದಲ್ಲಿ ಕೆತ್ತಿದ್ದ ಎರಡು ಪಾದಗಳು ಎ.ಸಿ.ಯ ಒಣ ಗಾಳಿಗೆ ಹಿಮ್ಮಡಿಯಲ್ಲಿ ಬಿರುಕು ಬಿಟ್ಟಿದ್ದವು.

ಮರಿಯಮ್ ಕ್ಷಮೆ ಕೇಳುತ್ತಿದ್ದಾರೆ, ನೀವು ಒಪ್ಪಿದರೆ ಪುಟ್ಟಿ ತುಂಬಿಸುತ್ತಾರಂತೆ ಎಂದು ತಡವರಿಸುತ್ತಾ ಹೇಳಿದೆ. ವಾಸಣ್ಣ ನೆಲದಲ್ಲಿ ಕುಳಿತು ಬಿರುಕಿನ ಮೇಲೆ ಬೆರಳಾಡಿಸಿದರು.

“ಬೇಡ ಅಂತ ಹೇಳಿ. ನನ್ನ ಅಮ್ಮನ ಹಿಮ್ಮಡಿ ಹೀಗೇ ಒಡೆದಿತ್ತು. ಕೆತ್ತುವಾಗ ಆ ಬಿರುಕು ಮೂಡಿಸ್ಲಿಕ್ಕೆ ಅಂತ ಅಲ್ಲಿಗೆ ಉಳಿ ಹಾಕ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ.”

ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಮರಿಯಮ್ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, ಒಳಗೆ ಬರುವವರಿಗೆ ಮೊದಲು ಹಿಮ್ಮಡಿಗಳೇ ಕಾಣುವಂತೆ ಪೀಠವನ್ನು ತಿರುಗಿಸಿದರು.

ಊರಿಗೆ ಹೋಗುವಾಗಲೆಲ್ಲ ದುಬೈನ ನೈಫ್ ಪೇಟೆಯ ಅಂಗಡಿಯಿಂದ ನನ್ನ ಅಮ್ಮನಿಗೆ ಕಾಲಿಗೆ ಹಚ್ಚುವ ಕ್ರೀಮ್ ಒಯ್ದು ಕೈಗೆ ಕೊಟ್ಟುಬಿಡುತ್ತಿದ್ದೆ. ಆ ವರ್ಷ ನಾನೇ ಹಚ್ಚಲು ಕುಳಿತೆ. ಅಮ್ಮ ಎರಡು ಸಲ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಮೂರನೆಯ ಸಲ ಸುಮ್ಮನೆ ಚಾಚಿದಳು.