ಸಂಜೀವಣ್ಣನ ದೋಣಿ ಮುಳುಗಿಲ್ಲ

"ಸುಳ್ಳು! ಶುದ್ಧ ಸುಳ್ಳು! ಆ ದೋಣಿ ಮುಳುಗಲೇ ಇಲ್ಲ!"

ಕಳೆದ ಭಾನುವಾರ ಕಾಪುವಿನ ಟಾಕೀಸಿನಲ್ಲಿ ಮ್ಯಾಟಿನಿ ನಡೆಯುತ್ತಿದ್ದಾಗ ಒಬ್ಬರು ಕುರ್ಚಿಯಿಂದ ಎದ್ದು ನಿಂತು ಹೀಗೆ ಕೂಗಿದರು. ಅದೂ ಯಾವಾಗ? ತೆರೆಯ ಮೇಲೆ ಬಿರುಗಾಳಿ. ನಡುಗಡಲು. ಹೀರೋ ಕೂತ ದೋಣಿ ಮೆಲ್ಲಮೆಲ್ಲನೆ ನೀರೊಳಗೆ ಇಳಿಯುತ್ತಿದೆ. ಹೆಂಗಸರೆಲ್ಲ ಸೆರಗನ್ನು ಕಣ್ಣಿಗೊತ್ತಿಕೊಂಡು ಕೂತಿದ್ದಾರೆ. ಅಂಥ ಹೊತ್ತಿನಲ್ಲಿ!

ಕೂಗಿದವರು ಸಂಜೀವಣ್ಣ. ಕಾಪುವಿನ ಕಡಲ ಬದಿಯಲ್ಲಿ ದೋಣಿ ಕಟ್ಟುವವರು. ಅವರ ಪಕ್ಕದ ಕುರ್ಚಿಯಲ್ಲಿದ್ದ ಇನ್ನೊಬ್ಬರು ತಲೆ ಕಾಣಿಸದ ಹಾಗೆ ಕೆಳಕ್ಕೆ ಜಾರಿ ಕೂತರು. ಅವರು ನನ್ನ ಗಂಡ ಲಾರೆನ್ಸ್. ಆ ದೋಣಿಯನ್ನು ಮುಳುಗಿಸಿದ ಪುಣ್ಯಾತ್ಮ!

ಹೊಸದಾಗಿ ಈ ಅಂಕಣ ಓದುವವರಿಗೆ ಒಂದು ಮಾತು. ನನ್ನ ಗಂಡನದು ಟ್ರಿಕ್ ಸ್ಟುಡಿಯೋ. ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು, ಒಂದು ಸಿಮೆಂಟಿನ ಟ್ಯಾಂಕು, ಹೆಂಡತಿಗಿಂತ ಹೆಚ್ಚು ಆರೈಕೆ ಮಾಡಿಸಿಕೊಳ್ಳುವ ಒಂದು ಹಳೆಯ ಕ್ಯಾಮರಾ. ಅಷ್ಟೇ ಸ್ಟುಡಿಯೋ. ಹೊರಗೆ ಬೋರ್ಡೂ ಇಲ್ಲ. ಆದರೆ ಮದರಾಸಿನ ಸಿನಿಮಾದವರು ತಮ್ಮಿಂದ ಆಗದ್ದನ್ನೆಲ್ಲ ಹೊತ್ತುಕೊಂಡು ಬರುವುದು ಇಲ್ಲಿಗೇ. ಬೆಂಕಿ ಹೊತ್ತಿಕೊಂಡ ಅರಮನೆ ಬೇಕಾ? ಸೇತುವೆಯಿಂದ ಬೀಳುವ ರೈಲು ಬೇಕಾ? ಒಬ್ಬನೇ ನಟ ತನ್ನ ಕೆನ್ನೆಗೆ ತಾನೇ ಹೊಡೆಯುವ ಡಬಲ್ ರೋಲ್ ಬೇಕಾ? ಎಲ್ಲವೂ ನಮ್ಮ ಹಿತ್ತಲಲ್ಲೇ ಆಗುತ್ತದೆ. ಕನ್ನಡ, ತುಳು, ತಮಿಳು, ಮಲಯಾಳ, ಹಿಂದಿ, ಯಾವುದಕ್ಕೂ ಇಲ್ಲವೆಂದವರಲ್ಲ.

ಒಮ್ಮೆ ಹಿಮಾಲಯ ಬೇಕಾಯಿತು. ಎಲ್ಲಿಂದ ತರುವುದು? ಇವರು ಆದಿ ಉಡುಪಿಯಿಂದ ಗೋಣಿಗಟ್ಟಲೆ ಉಪ್ಪು ಟೆಂಪೋದಲ್ಲಿ ಹೇರಿಕೊಂಡು ಕಾರ್ಕಳಕ್ಕೆ ಹೋದರು. ಕಾರ್ಕಳದ ಕರಿ ಬಂಡೆಯ ಮೇಲೆ ಉಪ್ಪು ಸುರಿದು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಕ್ಯಾಮರಾದಲ್ಲಿ ನೋಡಿದರು. ಸಾಕ್ಷಾತ್ ಹಿಮಾಲಯ! ಚಾ ಕುಡಿದು ಬರುವಷ್ಟರಲ್ಲಿ ಊರ ದನಗಳೆಲ್ಲ ಸೇರಿ ಅರ್ಧ ಹಿಮಾಲಯ ನೆಕ್ಕಿಬಿಟ್ಟಿದ್ದವು. ಉಳಿದರ್ಧವನ್ನೇ ನೀವು ಸಿನಿಮಾದಲ್ಲಿ ನೋಡಿದ್ದೀರಿ.

ಇನ್ನೊಮ್ಮೆ ಬೊಂಬಾಯಿ ಬೇಕಾಯಿತು. ಮಣಿಪಾಲದ ಗುಡ್ಡದ ಮೇಲೆ ನಿಂತು ಉಡುಪಿಯ ದೀಪಗಳನ್ನು ಹಿಡಿದು, ಅದನ್ನೇ ಪಕ್ಕಪಕ್ಕದಲ್ಲಿ ಮತ್ತೆ ಮತ್ತೆ ಅಚ್ಚೊತ್ತಿಸಿ ಬೊಂಬಾಯಿ ಮಾಡಿದರು. ಬೊಂಬಾಯಿಯಲ್ಲೇ ಕೂದಲು ಹಣ್ಣಾದ ನನ್ನ ಸೋದರಮಾವ ಅದನ್ನು ನೋಡಿ, "ಇದು ನಮ್ಮ ದಾದರಿನ ಕಡೆ, ನನಗೆ ಗೊತ್ತುಂಟು" ಎಂದರು. ನಾನು ನಗು ತಡೆಯಲಾಗದೆ ಅಡಿಗೆ ಮನೆಗೆ ಓಡಿದೆ. ಇವರು ಮಾತ್ರ ಗಂಭೀರವಾಗಿ, "ಹೌದು ಮಾವ, ದಾದರ್" ಎಂದರು.

ಇದೇ ನೋಡಿ ಇವರ ಸ್ವಭಾವ. ಟ್ರಿಕ್ ಹೇಗೆ ಮಾಡಿದ್ದೆಂದು ಯಾರಿಗೂ ಹೇಳುವುದಿಲ್ಲ. "ಗೊತ್ತಾದ ಮೇಲೆ ಯಾರು ನಂಬುತ್ತಾರೆ? ನಂಬದವರು ಅಳುತ್ತಾರಾ?" ಎನ್ನುತ್ತಾರೆ. ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿಸಿಕೊಂಡವರೂ ಅಲ್ಲ. ಜನ ನೋಡಿಯೂ ನೋಡದ ಹಾಗಿರಬೇಕು, ಅದೇ ಅವರ ಹೆಮ್ಮೆ. (ನನಗೆ ಗೊತ್ತಿರುವುದಾದರೂ ಹೇಗೆ ಅಂತೀರಾ? ಮನೆಯ ಜರಡಿ, ಕುಕ್ಕರು, ಬಟ್ಟೆಗೆ ಹಾಕುವ ನೀಲಿ, ಎಲ್ಲ ಕಾಣೆಯಾದ ಮೇಲೆ ಹುಡುಕಿಕೊಂಡು ಹೋಗುವವಳು ನಾನೇ ತಾನೇ?)

ಈ ಸಲ ಬಂದದ್ದು ದೋಣಿ ಮುಳುಗುವ ಸೀನ್. ಇವರು ನೇರ ಸಂಜೀವಣ್ಣನ ಹತ್ತಿರ ಹೋಗಿ, ಒಂದು ಕೈಯುದ್ದದ ದೋಣಿ ಮಾಡಿಕೊಡಿ ಎಂದರು. ಅಲ್ಲಿಯೇ ಎಡವಟ್ಟಾಯಿತು. ಬೇರೆ ಯಾರಾದರೂ ಆಗಿದ್ದರೆ ರಟ್ಟಿನಲ್ಲೋ ಹಲಗೆಯಲ್ಲೋ ಒಂದು ಆಟಿಕೆ ಮಾಡಿಕೊಡುತ್ತಿದ್ದರು. ಸಂಜೀವಣ್ಣನಿಗೆ ಆಟಿಕೆ ಮಾಡಿ ಗೊತ್ತಿದ್ದರಲ್ಲವೇ? ದೊಡ್ಡ ದೋಣಿಗೆ ಹಾಕುವ ಮರವನ್ನೇ ಸಣ್ಣದಾಗಿ ಸೀಳಿ, ಸಂದಿಗೆಲ್ಲ ಹತ್ತಿ ತುಂಬಿ, ಮೀನೆಣ್ಣೆ ಹಚ್ಚಿ ಒಣಗಿಸಿ, ಮೂತಿಗೆ ತಮ್ಮ ಗುರುತಿನ ಕೆಂಪು ಬಿಳಿ ಪಟ್ಟಿ ಬಳಿದು ತಂದರು. ಆ ಪಟ್ಟಿ ಕಂಡರೆ ಸಾಕು, ಎಷ್ಟು ದೂರದಿಂದಲಾದರೂ ಕಾಪುವಿನವರು "ಅದು ಸಂಜೀವಣ್ಣನ ದೋಣಿ" ಎನ್ನುತ್ತಾರೆ. ನಮ್ಮ ಟ್ಯಾಂಕಿಗೆ ಇಳಿಸುವ ಮೊದಲು ಕುಂಕುಮ ಇಟ್ಟು, ಹೂ ಮುಡಿಸಿ, ತೆಂಗಿನಕಾಯಿಯನ್ನೂ ಒಡೆದರು. ಕಾಯಿಯ ಒಂದು ಹೋಳು ನನಗೇ ಕೊಟ್ಟರು.

ಹೀರೋ ಮುಂತಾದವರ ಬದಲು ಗೊಂಬೆಗಳನ್ನು ದೋಣಿಗೆ ಕಟ್ಟಿ ಕೂರಿಸಿ ಶೂಟಿಂಗ್ ಶುರು ಮಾಡಿದರು. ದೊಡ್ಡ ಫ್ಯಾನಿನಿಂದ ಗಾಳಿ, ಹಲಗೆಯಿಂದ ತಳ್ಳಿದ ಅಲೆ, ಮೇಲಿಂದ ಪೈಪಿನ ಮಳೆ. ದೋಣಿ ಕುಣಿಯಿತು, ಒರಗಿತು, ಬೆನ್ನು ತೋರಿಸಿತು, ಮತ್ತೆ ನೆಟ್ಟಗಾಯಿತು. ಮುಳುಗಲೇ ಇಲ್ಲ! ಕಲ್ಲು ಇಟ್ಟರು. ಕಲ್ಲನ್ನು ಹೊತ್ತುಕೊಂಡೇ ತೇಲಿತು. ಮದರಾಸಿನ ಡೈರೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಾ, ತಳಕ್ಕೊಂದು ತೂತು ಕೊರೆಯಿರಿ ಎಂದರು.

ಸಂಜೀವಣ್ಣ ಎರಡೂ ಕೈಯಲ್ಲಿ ದೋಣಿ ಎತ್ತಿ ಎದೆಗವಚಿಕೊಂಡರು. "ತೂತಾ? ನನ್ನ ದೋಣಿಗಾ? ಪೊರ್ಬುಲೇ, ನನ್ನ ಕೈಯಲ್ಲಿ ಆದ ದೋಣಿ ಒಂದೂ ಇವತ್ತಿನವರೆಗೆ ಮುಳುಗಲಿಲ್ಲ. ಅದಕ್ಕೇ ಜನ ನನ್ನ ಹತ್ತಿರ ಬರುವುದು. ತೂತು ಕೊರೆಯುವುದಾದರೆ ನಾನು ಹೊರಟೆ!" (ಪೊರ್ಬುಲೇ ಎಂದರೆ ನಮ್ಮ ಕಡೆ ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವುದು. ಹೆಂಗಸರಾದರೆ ಬಾಯಮ್ಮ.)

ಡೈರೆಕ್ಟರಿಗೆ ತಲೆ ಕೆಟ್ಟುಹೋಯಿತು. ಇವರು ಸುಮ್ಮನೆ ಮನೆಯೊಳಗೆ ಬಂದು ಅತ್ತಿತ್ತ ನೋಡಿದರು. ಆ ನೋಟ ನನಗೆ ಗೊತ್ತು. ಏನೋ ಹೋಯಿತು ಎಂದೇ ಲೆಕ್ಕ. ಈ ಸಲ ಹೋದದ್ದು ನನ್ನ ಮೀನಿನ ಗಾಜಿನ ತೊಟ್ಟಿ. ಮೀನುಗಳನ್ನು ಬಾಲ್ದಿಗೆ ದಾಟಿಸಿ, ಖಾಲಿ ತೊಟ್ಟಿಯನ್ನು ಕ್ಯಾಮರಾದ ಮೂತಿಯ ಮುಂದೆ ಇಟ್ಟರು. ಹಿಂದೆ ಟ್ಯಾಂಕಿನಲ್ಲಿ ದೋಣಿ ಅದರ ಪಾಡಿಗೆ ತೇಲುತ್ತಿತ್ತು. ಮುಂದಿನ ತೊಟ್ಟಿಗೆ ನೀಲಿ ಕಲಸಿದ ಕದಡು ನೀರನ್ನು ನಿಧಾನವಾಗಿ ತುಂಬಿಸಿದರು. ನೀರು ಏರಿದ ಹಾಗೆ ದೋಣಿ ಮರೆಯಾಯಿತು. ದೋಣಿ ಕೆಳಗಿಳಿಯಲಿಲ್ಲ, ಸಮುದ್ರವೇ ಮೇಲೇರಿತು.

ಸಂಜೀವಣ್ಣನ ಕಣ್ಣೆಲ್ಲ ದೋಣಿಯ ಮೇಲೆ. ಕ್ಯಾಮರಾದ ಮುಂದೆ ಏನಾಗುತ್ತಿದೆ ಎಂದು ಅವರು ನೋಡಲಿಲ್ಲ. ಇವರು ಹೇಳಲೂ ಇಲ್ಲ. ಮುಳುಗದ ದೋಣಿಯನ್ನು ಒರೆಸಿ, ಕಂಕುಳಲ್ಲಿಟ್ಟುಕೊಂಡು, ಸಂಜೀವಣ್ಣ ಖುಷಿಯಿಂದ ಬಸ್ಸು ಹತ್ತಿದರು. ದೋಣಿ ಮುಳುಗಲಿಲ್ಲವಲ್ಲ, ಇನ್ನು ಸಿನಿಮಾದಲ್ಲಿ ಮುಳುಗುವುದು ಹೇಗೆ? ಅವರ ಲೆಕ್ಕ ಅಷ್ಟೇ. ಊರಿಡೀ ಹೇಳಿಕೊಂಡು ಬಂದರು: "ನನ್ನ ದೋಣಿ ಸಿನಿಮಾದಲ್ಲಿ ಬರ್ತದೆ, ಎಲ್ಲರೂ ನೋಡಬೇಕು!"

ಎಲ್ಲರೂ ನೋಡಿದರು. ಕೆಂಪು ಬಿಳಿ ಪಟ್ಟಿಯ ಮೂತಿ ಕಟ್ಟಕಡೆಗೆ ಮುಳುಗುವುದನ್ನು ಇಡೀ ಕಾಪು ಕಣ್ಣಾರೆ ನೋಡಿತು!

ಇಂಟರ್‌ವಲ್ ಆಯಿತು. ಸೋಡಾ ಅಂಗಡಿಯ ಮುಂದೆ ಒಂದೇ ನಗು. "ಎಂತ ಸಂಜೀವಣ್ಣ, ಬೋಣಿಗೇ ಮುಳುಗಿಸಿದಿರಾ?" ಎಂದು ಒಬ್ಬ. "ಹೀರೋನನ್ನೇ ಕೊಂದಿರಲ್ಲ ಮಾರಾಯ್ರೆ!" ಎಂದು ಇನ್ನೊಬ್ಬ. (ಹೀರೋ ಸೆಕೆಂಡ್ ಹಾಫಿನಲ್ಲಿ ಗಡ್ಡ ಬಿಟ್ಟುಕೊಂಡು ವಾಪಸ್ಸು ಬರುತ್ತಾನೆ, ಆ ಮಾತು ಬೇರೆ.) ತಮಾಷೆಯನ್ನು ಸಂಜೀವಣ್ಣ ಹೇಗೋ ಸಹಿಸಿಕೊಂಡಿರುತ್ತಿದ್ದರು. ಆದರೆ ಅಲ್ಲಿ ಶೀನಣ್ಣ ಇದ್ದರು. ಶೀನಣ್ಣನೂ ಅವರ ತಮ್ಮಂದಿರೂ ಸೇರಿ ಮೀನುಗಾರಿಕೆಗೆ ಹೊಸ ದೋಣಿ ಕಟ್ಟಿಸುವವರಿದ್ದರು. ಸಂಜೀವಣ್ಣನ ಹತ್ತಿರವೇ ಎಂದು ಬಾಯಿಮಾತೂ ಆಗಿತ್ತು. ಈಗ ಶೀನಣ್ಣ ನಗುತ್ತಿರಲಿಲ್ಲ.

"ನಮ್ಮ ದೋಣಿಯದ್ದು ಸ್ವಲ್ಪ ತಡೆದು ನೋಡುವ ಸಂಜೀವಣ್ಣ. ಮನೆಯಲ್ಲಿ ಹೆಂಗಸರು ಹೆದರಿದ್ದಾರೆ" ಎಂದರು.

ಸಂಜೀವಣ್ಣನ ಮುಖ ಕಪ್ಪಿಟ್ಟಿತು. ಅಷ್ಟು ದೊಡ್ಡ ಬಾಯಿಯ ಮನುಷ್ಯ ಒಂದು ಮಾತೂ ಆಡದೆ ಟಾಕೀಸಿನಿಂದ ಹೊರನಡೆದರು. ನಾನು ಇವರ ಕಡೆ ತಿರುಗಿ, "ಎಂತ ನೋಡ್ತಾ ಕೂತಿದ್ದೀರಿ? ಹೋಗಿ ಹೇಳಿ ಅವರಿಗೆ!" ಎಂದೆ. ಇವರು ಸೆಕೆಂಡ್ ಹಾಫ್ ಪೂರ್ತಿ ಉಗುರು ಕಚ್ಚುತ್ತಾ ಕೂತರು. ಗಡ್ಡದ ಹೀರೋನನ್ನು ಅವರು ನೋಡಲೇ ಇಲ್ಲ.

ಸಿನಿಮಾ ಬಿಟ್ಟಾಗ ಗೇಟಿನಲ್ಲಿ ಸಂಜೀವಣ್ಣ ನಿಂತಿದ್ದರು, ಕಂಕುಳಲ್ಲಿ ಅದೇ ದೋಣಿ. ತಮ್ಮ ದೋಣಿ ಕಟ್ಟುವ ಶೆಡ್ಡಿಗೆ ಹೋಗಿ ತಂದಿದ್ದರು.

"ನೋಡಿ ಶೀನಣ್ಣ, ಇದೇ ಆ ದೋಣಿ. ಬನ್ನಿ ಕಡಲಿಗೆ. ಮುಳುಗಿಸಿ ತೋರಿಸಿ!"

ಶೀನಣ್ಣ ಬಗ್ಗಿ ನೋಡಿ ತಲೆಯಾಡಿಸಿದರು. "ಇದು ಆಟದ್ದು ಮಾರಾಯ್ರೆ. ಸಿನಿಮಾದಲ್ಲಿದ್ದದ್ದು ದೊಡ್ಡ ದೋಣಿ. ಜನ ಕೂತಿದ್ದರಲ್ಲ? ನಡುಗಡಲಲ್ಲಿ ಇತ್ತಲ್ಲ? ನಾವು ಕಡಲಲ್ಲೇ ಹುಟ್ಟಿದವರು, ನಮಗೆ ಅಷ್ಟೂ ಗೊತ್ತಾಗುವುದಿಲ್ವಾ?"

ಅಬ್ಬಾ! ಕಡಲನ್ನೇ ಮನೆ ಮಾಡಿಕೊಂಡವರು ನಮ್ಮ ಹಿತ್ತಲಿನ ಟ್ಯಾಂಕನ್ನು ನಡುಗಡಲು ಎನ್ನುತ್ತಿದ್ದಾರೆ! ನಿಜ ಹೇಳುತ್ತೇನೆ, ಅಂಥ ಹೊತ್ತಿನಲ್ಲೂ ನನಗೆ ಹೆಮ್ಮೆಯಾಯಿತು. ಇವರ ಮುಖ ನೋಡಿದೆ. ಒಳಗೊಳಗೇ ಅರಳುತ್ತಿತ್ತು. ಮರುಕ್ಷಣ ಸಂಜೀವಣ್ಣನ ಕಡೆ ನೋಡಿ ಬಾಡಿತು. ಗಂಡನ ಕೆಲಸ ಅಷ್ಟು ಚೆನ್ನಾಗಿ ಆಗಿತ್ತು, ಅದಕ್ಕೇ ಸಂಜೀವಣ್ಣನ ಕೆಲಸಕ್ಕೆ ಕುತ್ತು ಬಂದಿತ್ತು. ಇವರು ಬಾಯಿ ಬಿಡದಿದ್ದರೆ ಈ ಮನುಷ್ಯನಿಗೆ ಇನ್ನು ಯಾರು ದೋಣಿ ಕಟ್ಟಲು ಹೇಳುತ್ತಾರೆ?

ಸಂಜೀವಣ್ಣನೂ ಅದನ್ನೇ ಕೇಳಿದರು. "ಪೊರ್ಬುಲೇ, ನನ್ನ ಮರ್ಯಾದೆ ನಿಮ್ಮ ಬಾಯಲ್ಲುಂಟು."

ಇವರು ಮೂಗು ಉಜ್ಜಿಕೊಂಡರು. ಆಮೇಲೆ ಸೋಡಾ ಅಂಗಡಿಯವನ ಹತ್ತಿರ ಹೋಗಿ ಬಿಸ್ಕತ್ತಿನ ಗಾಜಿನ ಭರಣಿ ಕೇಳಿದರು. ಅವನು ಬಿಸ್ಕತ್ತನ್ನು ಪೇಪರಿಗೆ ಸುರಿದು ಭರಣಿ ಕೊಟ್ಟ. "ಬನ್ನಿ ಎಲ್ಲರೂ" ಎಂದು ಇವರು ಕಡಲಿನ ದಾರಿ ಹಿಡಿದರು. ಹಿಂದೆ ಅರ್ಧ ಟಾಕೀಸು. ಅದರ ಹಿಂದೆ, ಕಾಲಿನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಾನು.

ಮರಳಿನ ಮೇಲೆ ಒಂದು ಹಳೆ ದೋಣಿ ಮಗುಚಿ ಹಾಕಿತ್ತು. ಅದರ ಮೇಲೆ ಭರಣಿ ಇಟ್ಟು, ಶೀನಣ್ಣನನ್ನು ಅದರ ಮುಂದೆ ಕೂರಿಸಿ, "ಒಂದು ಕಣ್ಣು ಮುಚ್ಚಿ. ಗಾಜಿನ ಮೂಲಕ ಎಂತ ಕಾಣ್ತದೆ?" ಎಂದು ಕೇಳಿದರು.

"ದೀಪಸ್ತಂಭ" ಎಂದರು ಶೀನಣ್ಣ. ಬಂಡೆಯ ಮೇಲೆ ನಿಂತ ನಮ್ಮ ಕಾಪುವಿನ ದೀಪಸ್ತಂಭ.

ಇವರು ಮರಳು ಕಲಸಿದ ಕಡಲ ನೀರನ್ನು ಚೆಂಬಿನಿಂದ ಭರಣಿಗೆ ನಿಧಾನಕ್ಕೆ ಹೊಯ್ಯತೊಡಗಿದರು. ಶೀನಣ್ಣನ ಬಾಯಿ ತೆರೆಯಿತು. "ಅಯ್ಯೋ, ಬಂಡೆ ಹೋಯಿತು... ಅರ್ಧ ಹೋಯಿತು... ದೇವರೇ, ತುದಿಯೂ ಹೋಯಿತು!" ಎಂದವರೇ ಥಟ್ಟನೆ ಭರಣಿಯಿಂದ ತಲೆ ಎತ್ತಿ ಎದುರಿಗೆ ನೋಡಿದರು. "ಉಂಟು! ಉಂಟು ಮಾರಾಯ್ರೆ, ಅಲ್ಲೇ ಉಂಟು!"

ಅಷ್ಟು ದೊಡ್ಡವರು ಮಗುವಿನ ಹಾಗೆ ನಕ್ಕರು.

"ಸಂಜೀವಣ್ಣನ ದೋಣಿಯೂ ಹೀಗೇ ಮುಳುಗಿದ್ದು" ಎಂದರು ನನ್ನ ಗಂಡ. "ನನ್ನಿಂದ ಅದನ್ನು ಮುಳುಗಿಸಲು ಆಗಲಿಲ್ಲ. ಕಲ್ಲು ಹೇರಿದರೂ ಆಗಲಿಲ್ಲ. ಅದಕ್ಕೇ ಈ ಉಪಾಯ ಮಾಡಬೇಕಾಯಿತು. ಅಂಥ ದೋಣಿ ಅದು."

ಆಮೇಲೆ ಅಲ್ಲಿ ಜಾತ್ರೆಯೇ ನೆರೆಯಿತು. ಎಲ್ಲರಿಗೂ ದೀಪಸ್ತಂಭ ಮುಳುಗಿಸಬೇಕು! ಅಜ್ಜಿಯೊಬ್ಬರು ಮುಳುಗಿಸಿ, ಕೈ ಮುಗಿದು, ಮತ್ತೆ ನೋಡಿ ಸಮಾಧಾನಪಟ್ಟುಕೊಂಡರು. ಅತ್ತ ಕೆಲವರು ಸಂಜೀವಣ್ಣನ ಪುಟ್ಟ ದೋಣಿಯನ್ನು ನೀರಿಗೆ ಬಿಟ್ಟು, ಒತ್ತಿ, ಮಗುಚಿ, ಮಣ್ಣು ತುಂಬಿ ನೋಡಿದರು. ಅದು ಪ್ರತಿ ಸಲವೂ ಮೂತಿ ಎತ್ತಿತು. ಸಂಜೀವಣ್ಣ ಸೊಂಟಕ್ಕೆ ಕೈಯಿಟ್ಟು ನಿಂತು, "ಇನ್ನೂ ಒತ್ತಿ, ಇನ್ನೂ ಒತ್ತಿ!" ಎಂದು ಹುರಿದುಂಬಿಸುತ್ತಿದ್ದರು. ಅವರ ದೊಡ್ಡ ಬಾಯಿ ವಾಪಸ್ಸು ಬಂದಿತ್ತು.

ಶೀನಣ್ಣ ಒದ್ದೆ ಕೈ ಒರೆಸಿಕೊಂಡು ಅವರ ಹತ್ತಿರ ಬಂದರು. "ಮರ ಯಾವಾಗ ನೋಡುವ?" ಎಂದರು. ಅಷ್ಟೇ ಕೇಳಿದ್ದು. ಸಂಜೀವಣ್ಣ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಉಪ್ಪು ಗಾಳಿ ಬಾಯಮ್ಮ, ಕಣ್ಣು ಉರಿಯುತ್ತದೆ" ಎಂದರು. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರಿಗೆ ಅವತ್ತೇ ಉಪ್ಪು ಗಾಳಿ ತಾಗಿದ್ದು!

ಬಸ್ಸಿನಲ್ಲಿ ಬರುವಾಗ ಇವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟು ಬಿಸ್ಕತ್ ಭರಣಿಯಲ್ಲಿ ಬಯಲಾಯಿತಲ್ಲ. "ಬೇಜಾರಾಯ್ತಾ?" ಎಂದು ಕೇಳಿದೆ.

"ಇಲ್ಲ" ಎಂದರು. ಆಮೇಲೆ, "ನೋಡಿದೆಯಾ, ಆ ಅಜ್ಜಿ ಕೈ ಮುಗಿದದ್ದು?" ಎಂದರು. ಉದ್ಯಾವರದ ಸೇತುವೆ ದಾಟಿದ ಮೇಲೆ, "ಶೀನಣ್ಣ ಎಷ್ಟು ಜೋರಾಗಿ ನಕ್ಕರು, ಅಲ್ವಾ?" ಎಂದರು. ಉಡುಪಿ ತಲುಪುವವರೆಗೆ ಇದೇ. ಹಿಮಾಲಯ ಮಾಡಿದವರು, ಬೊಂಬಾಯಿ ಮಾಡಿದವರು, ಅವರಿಗೆ ಜನ ಎದುರಿಗೇ ನಿಂತು ಭೇಷ್ ಎಂದದ್ದು ಅವತ್ತೇ ಮೊದಲು. ಬೇಕಿತ್ತು ಅದು ಅವರಿಗೆ. ಬೇಡ ಬೇಡ ಎನ್ನುತ್ತಿದ್ದರು ಅಷ್ಟೇ. ನನಗಂತೂ ಆ ಬಸ್ಸಿನಲ್ಲಿ ಎದ್ದು ನಿಂತು, ಇವರು ನನ್ನ ಗಂಡ ಎಂದು ಕಂಡಕ್ಟರಿಗೆ ಹೇಳೋಣ ಅನಿಸಿತು. (ನನ್ನ ಮೀನುಗಳು ಇವತ್ತಿಗೂ ಬಾಲ್ದಿಯಲ್ಲೇ ಇವೆ ಎಂಬುದನ್ನು ಆ ಕ್ಷಣಕ್ಕೆ ಮರೆತಿದ್ದೆ.)

ನಿನ್ನೆ ಸಂಜೀವಣ್ಣ ಮೀನು ಹಿಡಿದುಕೊಂಡು ಮನೆಗೆ ಬಂದಿದ್ದರು. ಸುದ್ದಿಯನ್ನೂ ತಂದಿದ್ದರು. ಕಾಪುವಿನ ಟಾಕೀಸು ಮತ್ತೆ ತುಂಬುತ್ತಿದೆಯಂತೆ. ನೋಡಿದವರೇ ಮತ್ತೆ ಹೋಗುತ್ತಿದ್ದಾರಂತೆ. ಬಿರುಗಾಳಿ ಏಳುವಾಗಲೇ ಜನ ಕುರ್ಚಿಯ ತುದಿಗೆ ಬರುತ್ತಾರಂತೆ. ಕೆಂಪು ಬಿಳಿ ಮೂತಿ ನೀರಿಗೆ ಇಳಿಯುವಾಗ ಹೆಂಗಸರೂ ಸೇರಿ ಇಡೀ ಟಾಕೀಸು ಚಪ್ಪಾಳೆ ತಟ್ಟುತ್ತದಂತೆ.

ಹೇಳಿ ನೋಡೋಣ, ಹೀರೋ ಮುಳುಗುವಾಗ ಚಪ್ಪಾಳೆ ಬೀಳುವ ಊರು ಕಾಪು ಬಿಟ್ಟರೆ ಭೂಮಿಯ ಮೇಲೆ ಇನ್ನೊಂದು ಉಂಟಾ?