ಏಳು ದಿನದ ಸುಲ್ತಾನನ ಒಂದೇ ಅರ್ಜಿ

ಚರ್ಮದ ವ್ಯಾಪಾರಿ ತೊಗಲನ್ನು ಮೊದಲು ಮೂಸುತ್ತಾನೆ, ಆಮೇಲೆ ಮಡಚುತ್ತಾನೆ, ಕೊನೆಗೆ ಬೆಳಕಿಗೆ ಹಿಡಿದು ತೂತು ಹುಡುಕುತ್ತಾನೆ. ಸಿ ಮುಫದ್ದಲನನ್ನು ಹಾಗೆ ಪರೀಕ್ಷಿಸಿದ್ದರೆ ಫೆಸ್ ಪಟ್ಟಣದ ಯಾವ ವ್ಯಾಪಾರಿಯೂ ಎರಡನೇ ಸಲ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಗಿಡ್ಡ ಆಳು. ಒಂದು ಭುಜ ಇನ್ನೊಂದಕ್ಕಿಂತ ತಗ್ಗು. ಉಣ್ಣೆಯ ನಿಲುವಂಗಿಯ ಮೊಣಕೈಗೆ ತೇಪೆ, ಆ ತೇಪೆಗೆ ಮತ್ತೊಂದು ತೇಪೆ. ಉತ್ತರದ ಗುಡ್ಡಗಾಡಿನಿಂದ ಓದಲು ಬಂದವನು, ಓದಿದವನೆಂದು ಹೆಸರಿಗೆ 'ಸಿ' ಎಂಬ ಗೌರವ ಸೇರಿದ್ದರೂ ಬಾಯಿ ತೆರೆದರೆ ಹಳ್ಳಿ ಕೇಳುತ್ತಿತ್ತು. ಸರಕಿನಲ್ಲಿ ಬೆಲೆಬಾಳುವುದೆಂದರೆ ಎರಡೇ: ಚುರುಕು ನಾಲಿಗೆ, ಮತ್ತು ಕೊಟ್ಟರೆ ಮುರಿಯದ ಮಾತು. ನಾಲಿಗೆ ಊರಿಗೆಲ್ಲ ಗೊತ್ತಿತ್ತು. ಮಾತಿನ ಗಟ್ಟಿತನ ಕಂಡುಹಿಡಿದವನು ತೊಗಲಿನ ಪೇಟೆಯ ಹಾಜಿ ತೌದಿ ಒಬ್ಬನೇ. ಒಳ್ಳೆಯ ಮಾಲು ಅಗ್ಗಕ್ಕೆ ಸಿಕ್ಕಿತೆಂದು ಅವನು ಅವತ್ತು ಹಿಗ್ಗಿದ. ಮಿಕ್ಕ ಆಯುಷ್ಯವನ್ನೆಲ್ಲ ಆ ಹಿಗ್ಗಿಗೆ ತೆತ್ತ.

ಖರವೀಯಿನ್ ವಿದ್ಯಾಪೀಠದ ವಿದ್ಯಾರ್ಥಿಗಳು ವಸಂತ ಬಂತೆಂದರೆ ತಮ್ಮಲ್ಲೊಬ್ಬನನ್ನು ಸುಲ್ತಾನನನ್ನಾಗಿ ಆರಿಸಿಕೊಳ್ಳುವುದು ಅಜ್ಜಂದಿರ ಕಾಲದ ಪದ್ಧತಿ. ಏಳು ದಿನದ ಆಳ್ವಿಕೆ. ಪಟ್ಟ ಹರಾಜಿಗೆ ಬರುತ್ತದೆ. ಆದರೆ ಹೆಚ್ಚು ಕೂಗಿದ ಮಾತ್ರಕ್ಕೆ ಸಿಕ್ಕಿತೆನ್ನುವಂತಿಲ್ಲ, ಹುಡುಗರೆಲ್ಲ ಒಪ್ಪಿ ಜೈಕಾರ ಹಾಕಬೇಕು. ಅರಮನೆಯಿಂದ ಕುದುರೆ, ಛತ್ರಿ, ರಾಜಪೋಷಾಕು ಬರುತ್ತವೆ. ಊರಾಚೆ ಹೊಳೆದಂಡೆಯಲ್ಲಿ ಡೇರೆಗಳು ಏಳುತ್ತವೆ. ಆರನೇ ದಿನ ನಿಜವಾದ ಸುಲ್ತಾನರೇ ಬಂದು ಈ ಹುಸಿ ಸುಲ್ತಾನನನ್ನು ಕಂಡು, ಅವನು ಕೊಡುವ ಒಂದೇ ಒಂದು ಅರ್ಜಿಯನ್ನು ನಡೆಸಿಕೊಡುತ್ತಾರೆ. ಜೀವಮಾನದಲ್ಲಿ ಒಬ್ಬನಿಗೆ ಒಂದು ಸಲ. ಇಂಥದ್ದೊಂದು ಬಾಗಿಲಿದೆ ಎಂದಮೇಲೆ ವ್ಯಾಪಾರಿಗಳು ಹೊರಗೆ ನಿಂತಾರೆಯೇ? ಹರಾಜಿನಲ್ಲಿ ಕೂಗುವವನು ವಿದ್ಯಾರ್ಥಿ, ಕೂಗಿಸುವವನು ಯಾವನೋ ಅಂಗಡಿಯವನು.

ಆ ವರ್ಷ ಬಾಗಿಲು ಬೇಕಾಗಿದ್ದದ್ದು ಹಾಜಿ ತೌದಿಗೆ. ಅವನ ತಮ್ಮ ಅಲ್ಲಾಲ್, ಅಂದರೆ ಇದನ್ನು ಬರೆಯುತ್ತಿರುವವನ ತಂದೆ, ಹನ್ನೊಂದು ತಿಂಗಳಿಂದ ಸೆರೆಮನೆಯಲ್ಲಿದ್ದ. ಕೋಟೆ ಬಾಗಿಲ ಸುಂಕದವನಿಗೆ ಎದುರು ಮಾತಾಡಿದ್ದೇ ಅಪರಾಧ. ಅಷ್ಟರಲ್ಲಾಗಲೇ ಅವನ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಇನ್ನೊಂದು ಬೇಸಿಗೆ ಕಾಯುವುದಿಲ್ಲ ಎಂದು ಹೇಳಿ ಕಳಿಸಿದ್ದರು.

ಹಾಜಿ ಮುಫದ್ದಲನನ್ನು ಅಂಗಡಿಗೆ ಕರೆಸಿ, ಪುದೀನ ಚಹಾ ಕೊಟ್ಟು, ನೇರವಾಗಿ ಕೇಳಿದ.

"ಸುಲ್ತಾನ ಆಗ್ತೀಯೇನಯ್ಯಾ?"

"ಊಟ ಕೊಡ್ತಾರಾ?"

"ಏಳು ದಿನ ಕುರಿ ಮಾಂಸ."

"ಎಂಟನೇ ದಿನ?"

"ಎಂಟನೇ ದಿನ ನಿನ್ನ ಮದರಸಾದ ಒಣರೊಟ್ಟಿ. ಅದೇನು ಓಡಿಹೋಗಲ್ಲ ಬಿಡು."

"ಎಂಟನೇ ದಿನದ ಸುಲ್ತಾನಗಿರಿ ನಾಲ್ಕು ವರ್ಷದಿಂದ ಮಾಡ್ತಾನೇ ಇದೀನಿ, ಹಾಜಿಯವರೇ. ಮಿಕ್ಕ ಏಳು ದಿನಕ್ಕೆ ಏನು ಷರತ್ತು, ಹೇಳಿ."

"ಕುದುರೆ ನಿಂದು, ಛತ್ರಿ ನಿಂದು, ಕುರಿ ನಿಂದು. ಅರ್ಜಿ ಮಾತ್ರ ನಂದು. ನನ್ನ ತಮ್ಮನ ಹೆಸರು."

ಮುಫದ್ದಲ್ ಎದೆಯ ಮೇಲೆ ಕೈಯಿಟ್ಟ. "ಆಯ್ತು. ಅರ್ಜಿ ನಿಮ್ದು."

ಒಂದು ಆಡಿನ ತೊಗಲು ಕೊಳ್ಳುವಾಗಲೂ ಇಬ್ಬರು ಸಾಕ್ಷಿಗಳನ್ನು ಕೂರಿಸುತ್ತಿದ್ದ ಹಾಜಿ ಅವತ್ತು ಸಾಕ್ಷಿ ಕೇಳಲಿಲ್ಲ. ಇಂಥವನಿಗೆ ಸಾಕ್ಷಿ ಬೇಕಿಲ್ಲ ಎಂದು ಮುಖ ನೋಡಿಯೇ ತಿಳಿದುಕೊಂಡಿದ್ದ. ಅವನ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಗಿತ್ತು.

ಹರಾಜಿನ ದಿನ ಹುಡುಗರು ಹಾಕಿದ ಜೈಕಾರಕ್ಕೆ ಮಸೀದಿಯ ಪಾರಿವಾಳಗಳೆಲ್ಲ ಎದ್ದವು. ಮೂರನೇ ದಿನ ಹೊಸ ಸುಲ್ತಾನನ ಪೇಟೆ ಅಧಿಕಾರಿ, ಅವನೂ ಒಬ್ಬ ವಿದ್ಯಾರ್ಥಿಯೇ, ಗೋಣಿಯ ಗಡ್ಡ ಕಟ್ಟಿಕೊಂಡು ದಂಡ ವಸೂಲಿಗೆ ಬಂದ. ಹಾಜಿಯ ಅಂಗಡಿ ಮುಂದೆ ನಿಂತು, "ಈ ಹೊಟ್ಟೆ ಬೀದಿಗೆ ಒಂದು ಮೊಳ ಚಾಚಿದೆ. ಒತ್ತುವರಿ! ಎರಡು ಸಕ್ಕರೆ ಗಟ್ಟಿ ದಂಡ ಇಡಿ!" ಎಂದು ಅಬ್ಬರಿಸಿದ. ಪೇಟೆಯೆಲ್ಲ ನಕ್ಕಿತು. ಹಾಜಿಯೂ ನಕ್ಕು ನಾಲ್ಕು ಗಟ್ಟಿ ಕೊಟ್ಟ. ಆ ವಾರ ಅವನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ನಾಲ್ಕನೇ ದಿನ ಬೆಳಿಗ್ಗೆ ಹೇಸರಗತ್ತೆಯ ಬೂಷ್ತಾ ಬಂದ. ಗುಡ್ಡಗಾಡಿನಿಂದ ಹಾಜಿಗೆ ತೊಗಲು ಹೊತ್ತು ತರುವವನು, ಮುಫದ್ದಲನ ಊರಿನವನೇ. ಹೇರು ಇಳಿಸುವ ಮೊದಲೇ ಹೇಳಿದ:

"ಹಾಜಿಯವರೇ, ಮುಫದ್ದಲನ ಅಣ್ಣ ಸಲ್ಲಾಮನ್ನ ನಮ್ಮ ಸೀಮೆ ಅಧಿಕಾರಿ ಹಿಡಿಸಿ ಒಳಗೆ ಹಾಕಿದಾನೆ. ಆಳು ಮೊದಲೇ ಸೊರಗಿದಾನೆ. ಇಲ್ಲಿಂದ ಏನಾದ್ರೂ ಆಜ್ಞೆ ಬಂದ್ರೆ ಉಳೀತಾನೆ, ಇಲ್ದಿದ್ರೆ ಇಲ್ಲ. ತಮ್ಮನಿಗೆ ಒಂದು ಮಾತು ತಲುಪಿಸಿ."

"ನಾನೇ ಹೇಳ್ತೀನಿ. ನೀನು ಬಿಸಿಲೇರೋದ್ರೊಳಗೆ ಹೊರಡು," ಎಂದ ಹಾಜಿ.

ಅವನು ಹೇಳಲಿಲ್ಲ. ಹೇಳಬಾರದೆಂದು ತೀರ್ಮಾನಿಸಿದ್ದನೇ ಎಂದರೆ ಅದೂ ಇಲ್ಲ. ಸಂಜೆ ಹೇಳೋಣ ಎಂದುಕೊಂಡ. ಸಂಜೆ ಡೇರೆಯ ತುಂಬ ಜನ. ನಾಳೆ ಎಂದುಕೊಂಡ. ಮಾಲಿಗೆ ಗಿರಾಕಿ ಬಂದಾಗ ತೂತಿನ ಮೇಲೆ ಹೆಬ್ಬೆರಳಿಡುವುದು ವ್ಯಾಪಾರಿಗೆ ಅಭ್ಯಾಸ. ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಐದನೇ ದಿನ ಅವನು ಸಕ್ಕರೆ, ಖರ್ಜೂರ ಹೊರಿಸಿಕೊಂಡು ಹೊಳೆದಂಡೆಗೆ ಹೋದ. ಮುಫದ್ದಲ್ ಅರಮನೆಯ ಬಿಳಿ ಉಡುಪಿನಲ್ಲಿ ದಿಂಬಿಗೊರಗಿ ಕೂತಿದ್ದ. ಉಡುಪು ಉದ್ದವಾಗಿ ಕಾಲಡಿ ಮಡಚಿಕೊಂಡಿತ್ತು. ಸುತ್ತಲಿದ್ದವರನ್ನು ಕೈಸನ್ನೆಯಿಂದ ಆಚೆ ಕಳಿಸಿ ಅವನೇ ಕೇಳಿದ:

"ಹಾಜಿಯವರೇ, ನನಗೆ ಹೇಳೋದೇನಾದ್ರೂ ಇದೆಯಾ?"

"ಏನಿರುತ್ತೆ? ನಾಳೆ ಮಾತಿಗೆ ತಪ್ಪಬೇಡ, ಅಷ್ಟೇ."

"ಮಾತಿಗೆ ತಪ್ಪಲ್ಲ. ಬೇರೇನಾದ್ರೂ?"

"ಬಿಸಿಲು ಜಾಸ್ತಿ. ತಲೆ ಮುಚ್ಚಿಕೋ."

"ನೆನಪಾದ್ರೆ ನಾಳೆ ಮಧ್ಯಾಹ್ನದೊಳಗೆ ಹೇಳಿ. ಆಮೇಲೆ ಸುಲ್ತಾನರು ಬಂದುಬಿಡ್ತಾರೆ," ಎಂದು ಮುಫದ್ದಲ್ ಅವನನ್ನೇ ಒಂದು ಗಳಿಗೆ ಹೆಚ್ಚಾಗಿ ನೋಡಿದ. ಹುಡುಗನಿಗೆ ಪಟ್ಟದ ಅಮಲೇರಿದೆ ಎಂದು ಹಾಜಿ ಸಮಾಧಾನ ಮಾಡಿಕೊಂಡ.

ಆರನೇ ದಿನ ನಿಜವಾದ ಸುಲ್ತಾನರು ಬಂದರು. ಪದ್ಧತಿಯಂತೆ ಇಬ್ಬರೂ ಕುದುರೆಯ ಮೇಲೆ ಎದುರುಬದುರು. ಹುಸಿ ವಜೀರ ಮುಂದೆ ಬಂದು ಸವಾಲು ಹಾಕಿದ: "ನಿಮ್ಮ ದಂಡನ್ನ ಎಣಿಸಬಹುದು, ಸ್ವಾಮಿ. ನಮ್ಮೊಡೆಯನ ದಂಡನ್ನ ಎಣಿಸಿದವನಿಲ್ಲ. ಕಾಲಾಳು ತಿಗಣೆ, ಅಶ್ವದಳ ಚಿಗಟ, ಹೇನುಗಳೆಲ್ಲ ಖಾಸಾ ಕಾವಲು!" ಸುಲ್ತಾನರು ನಕ್ಕರು. ಅಷ್ಟಾದ ಮೇಲೆ ಮುಫದ್ದಲ್ ಕುದುರೆಯಿಂದಿಳಿದು, ಅವರು ಕಾಲಿಟ್ಟ ರಿಕಾಪಿಗೆ ಮುತ್ತಿಟ್ಟು, ಪೇಟದಿಂದ ಕಾಗದ ತೆಗೆದು ಕೊಟ್ಟ. ಕಾಗದದಲ್ಲಿದ್ದದ್ದು ಅಲ್ಲಾಲನ ಹೆಸರು. ಸೂರ್ಯ ಮುಳುಗುವುದರೊಳಗೆ ಅಲ್ಲಾಲ್ ಮನೆಯಲ್ಲಿದ್ದ.

ಏಳನೇ ಬೆಳಗು ಮೂಡುವಾಗ ಸುಲ್ತಾನ ಡೇರೆಬಿಟ್ಟು ಊರೊಳಕ್ಕೆ ಓಡಬೇಕು. ಸಿಕ್ಕಿಬಿದ್ದರೆ ಪ್ರಜೆಗಳು ಹೊಳೆಗೆ ಎತ್ತಿಹಾಕುತ್ತಾರೆ. ಹುಡುಗರು ಊರ ದಾರಿಯಲ್ಲಿ ಅಡಗಿ ಕೂತರು. ಮುಫದ್ದಲ್ ಅತ್ತ ಬರಲೇ ಇಲ್ಲ. ಗುಡ್ಡದ ಕಡೆ ಹೋದನಂತೆ ಎಂದು ಗೊತ್ತಾದಾಗ, "ನೋಡ್ರೋ, ಹಳ್ಳಿ ಸುಲ್ತಾನ ನಮಗೇ ಟೋಪಿ ಹಾಕಿದ!" ಎಂದು ನಕ್ಕರು.

ಅವನು ಎರಡು ದಿನ ನಡೆದು ತನ್ನ ಸೀಮೆಯ ಸೆರೆಮನೆ ಬಾಗಿಲಿಗೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಬೂಷ್ತಾ ಮುಂದೆ ಹೇಳಿದ.

"ಆಜ್ಞಾಪತ್ರ ಎಲ್ಲಿ?" ಎಂದು ಕಾವಲಿನವನು ಕೇಳಿದನಂತೆ.

"ಪತ್ರ ಇಲ್ಲ. ಮೊನ್ನೆವರೆಗೂ ಸುಲ್ತಾನ ನಾನೇ ಆಗಿದ್ದೆ."

"ಹಂಗಾದ್ರೆ ನಾಡಿದ್ದಿಂದ ಖಲೀಫ ನಾನೇ. ನಡಿ ಆಚೆ."

ಬಾರ್ಲಿ ಕೊಯ್ಲಿಗೆ ಮೊದಲೇ ಸಲ್ಲಾಮ್ ಸೆರೆಯಲ್ಲಿ ಜ್ವರ ಬಂದು ತೀರಿಕೊಂಡ.

ಮುಫದ್ದಲ್ ಫೆಸ್‌ಗೆ ಮರಳಿದ, ಆದರೆ ಓದಿಗೆ ಮರಳಲಿಲ್ಲ. ತೊಗಲಿನ ಪೇಟೆಯ ಬಾಗಿಲ ಪಕ್ಕದ ಗೂಡಿನಲ್ಲಿ ಚಾಪೆ ಹಾಕಿ ಬೇರೆಯವರ ಅರ್ಜಿ ಬರೆಯಲು ಕೂತ. ಎರಡು ಮೊಟ್ಟೆ ಕೊಟ್ಟರೂ ಬರೆದ, ಕೊಡದಿದ್ದರೂ ಬರೆದ. ಪೇಟೆಯವರು ಸುಲ್ತಾನರನ್ನು ಕರೆಯುವಂತೆ ಕರೆದು ದಿನಾ ಕೆಣಕುತ್ತಿದ್ದರು: "ಮೌಲಾಯ್, ದಂಡು ಹೇಗಿದೆ?" ಅವನು ತಲೆಯೆತ್ತದೆ ಹೇಳುತ್ತಿದ್ದ: "ಚಿಗಟ ನಿಷ್ಠೆಯಿಂದಿದೆ. ಹೇನು ಮಾತ್ರ ಕೂದಲುದುರಿದ ಮೇಲೆ ರಾಜೀನಾಮೆ ಕೊಡ್ತು."

ಆ ಗೂಡು ಹಾಜಿಯ ಅಂಗಡಿಗೆ ಇಪ್ಪತ್ತೇ ಹೆಜ್ಜೆ. ಆ ಇಪ್ಪತ್ತು ಹೆಜ್ಜೆ ನಡೆಯಲು ಹಾಜಿಗೆ ಹನ್ನೊಂದು ವರ್ಷ ಹಿಡಿಯಿತು. ಒಂದು ಮಧ್ಯಾಹ್ನ, ಪೇಟೆಯೆಲ್ಲ ನಮಾಜಿಗೆ ಹೋಗಿದ್ದಾಗ, ಹೋಗಿ ಚಾಪೆಯ ಅಂಚಿನಲ್ಲಿ ಕೂತ.

"ಸಿ ಮುಫದ್ದಲ್, ನಿನ್ನ ಅಣ್ಣನ ಸುದ್ದಿ ನಾಲ್ಕನೇ ದಿನವೇ ನನ್ನ ಅಂಗಡಿಗೆ ಬಂದಿತ್ತು. ನಾನು ಬಚ್ಚಿಟ್ಟೆ."

ಮುಫದ್ದಲ್ ಲೇಖನಿ ಒರೆಸಿ ಕೆಳಗಿಟ್ಟ.

"ಗೊತ್ತು. ಬೂಷ್ತಾ ವಾಪಸ್ ಹೋಗ್ತಾ ಸೇತುವೆ ಹತ್ರ ನನಗೂ ಸಿಕ್ಕಿದ್ದ."

"ಗೊತ್ತಿದ್ದೂ ನನ್ನ ತಮ್ಮನ ಹೆಸರೇ ಕೊಟ್ಟೆಯಾ? ಯಾಕಯ್ಯಾ?"

"ಮಾತು ನಿಮ್ಮ ಕೈಲಿತ್ತು. ನೀವು ಬಿಟ್ಟುಕೊಡಬೇಕಿತ್ತು, ನಾನು ಕಿತ್ಕೊಳ್ಳೋ ಹಾಗಿರಲಿಲ್ಲ. ಹೇಳ್ತೀರಿ, ಹೇಳ್ತೀರಿ ಅಂತ ಎರಡು ದಿನ ಕಾದೆ."

"ಬಾಯಿಬಿಟ್ಟು ಕೇಳಿದ್ರೆ ಬಿಟ್ಟುಕೊಡ್ತಿದ್ನೇನೋ."

"ಕೇಳಬಹುದಿತ್ತು," ಎಂದ ಮುಫದ್ದಲ್. ಅವನ ದನಿಯಲ್ಲಿ ಆ ದಿನ ತಮಾಷೆ ಇರಲಿಲ್ಲ. "'ಹಾಜಿಯವರೇ, ನನ್ನ ಅಣ್ಣ ಸಾಯ್ತಾನೆ' ಅನ್ನೋಕೆ ಎಷ್ಟು ಹೊತ್ತು? ನೀವಾಗೇ ಹೇಳಲಿ, ಇಲ್ದಿದ್ರೆ ಜೀವನಪೂರ್ತಿ ತಲೆ ತಗ್ಗಿಸಲಿ ಅಂತ ನನಗೆ ಹಟ. ನೀವು ತಲೆ ತಗ್ಗಿಸಿದ್ರಿ. ನನ್ನ ಹಟ ಗೆಲ್ತು. ಅಣ್ಣ ಹೋದ. ತಪ್ಪೆಲ್ಲಾ ನೀವೊಬ್ಬರೇ ಹೊತ್ಕೋಬೇಡಿ, ಅದರಲ್ಲಿ ನನ್ನ ಪಾಲೂ ಇದೆ."

ನಮಾಜು ಮುಗಿದು ಜನ ಬರತೊಡಗಿದರು. ಹಾಜಿ ಎದ್ದು ಅಂಗಡಿಗೆ ಹೋದ. ಅಂದಿನಿಂದ ಸಾಯುವವರೆಗೂ ಪ್ರತಿದಿನ ಮಧ್ಯಾಹ್ನ ಒಂದು ಲೋಟ ಚಹಾ ತಾನೇ ಹಿಡಿದು ಆ ಗೂಡಿಗೆ ಒಯ್ಯುತ್ತಿದ್ದ. ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ಚಹಾ ತಣ್ಣಗಿದ್ದರೆ ಮಾತ್ರ ಮುಫದ್ದಲ್ "ಇಪ್ಪತ್ತು ಹೆಜ್ಜೆಗೇ ಆರಿಹೋಯ್ತಾ?" ಅನ್ನುತ್ತಿದ್ದ.

ಇದನ್ನೆಲ್ಲ ನನಗೆ ಹೇಳಿದ ಹಾಜಿ ಹೋಗಿ ಬಹಳ ಕಾಲವಾಯಿತು. ಸಿ ಮುಫದ್ದಲ್ ಹೋದ ವರ್ಷ ತೀರಿಕೊಂಡ. ಅಲ್ಲಾಲ್ ಆ ವಸಂತದಲ್ಲಿ ಸೆರೆಯಿಂದ ಬಂದು, ಬೇಸಿಗೆಯಲ್ಲಿ ಮದುವೆಯಾದ. ಮರುವಸಂತಕ್ಕೆ ನಾನು ಹುಟ್ಟಿದೆ. ಸಲ್ಲಾಮನಿಗೆ ಸಲ್ಲಬೇಕಿದ್ದ ಅರ್ಜಿಯಿಂದ ನಾನು ಹುಟ್ಟಿದ್ದೇನೆ. ನನ್ನ ಜೀವ ಸಿ ಮುಫದ್ದಲನ ಋಣ. ಅವನು ಬದುಕಿದ್ದಾಗ ನಾನು ಇದನ್ನು ಅವನಿಗೆ ಹೇಳಲಿಲ್ಲ.