ಹೆಲ್ವಿಯ ಹಾಡಿನ ನೂರ ನಲವತ್ತಮೂರು ‘ಸ’

ಬೆಳಗಿನ ಐದು ಗಂಟೆ. ಔಲು ನಗರದ ಈ ಬೀದಿಗೆ ಹಿಮ ಗೋರುವ ಗಾಡಿ ಇನ್ನೂ ಬಂದಿಲ್ಲ. ಅಡುಗೆಮನೆ ಪಕ್ಕದ ಪುಟ್ಟ ಕೋಣೆಯಲ್ಲಿ ಟೂಲಿಕ್ಕಿ ಹರ್ಯು ಹಾಡಿನ ಪದವೊಂದರಲ್ಲಿ ಬರುವ ಒಂದೇ ಒಂದು ‘ಸ’ ಅಕ್ಷರವನ್ನು ಏಳನೇ ಸಲ ಕೇಳುತ್ತಿದ್ದಾರೆ. ಕಂಪ್ಯೂಟರ್ ಪರದೆಯ ಮೇಲೆ ಅದರ ಸದ್ದನ್ನು ತುಸು ತಗ್ಗಿಸುತ್ತಾರೆ, ತಲೆಯಾಡಿಸುತ್ತಾರೆ, ಕೂದಲೆಳೆಯಷ್ಟು ಮತ್ತೆ ಏರಿಸುತ್ತಾರೆ. “ಹೊತ್ತೇರಿದ್ರೆ ಕಿವಿ ದಣಿಯುತ್ತೆ. ಆಮೇಲೆ ಚುಚ್ಚೋದೂ ಗೊತ್ತಾಗಲ್ಲ, ನಾನೇ ಕೆಡಿಸಿದ್ದೂ ಗೊತ್ತಾಗಲ್ಲ.”

ಹಾಡುಗಾರರ ದನಿಯನ್ನೂ ವಾದ್ಯಗಳನ್ನೂ ಹದವಾಗಿ ಬೆರೆಸುವುದು ಮೂವತ್ತೊಂದು ವರ್ಷಗಳಿಂದ ಇವರ ಕಸುಬು. ಮೈಕಿನ ಹತ್ತಿರ ಬಾಯಿಟ್ಟು ಹಾಡಿದಾಗ ‘ಸ’ಗಳು ಕಿವಿಗೆ ಸೂಜಿಯಂತೆ ಚುಚ್ಚುತ್ತವೆ. ಅವನ್ನು ಮೆದುವಾಗಿಸುವುದರಲ್ಲಿ ಟೂಲಿಕ್ಕಿ ಎತ್ತಿದ ಕೈ. ರೇಡಿಯೊದಲ್ಲಿ ಹಾಡು ಹಿತವಾಗಿ ಕೇಳಿದಾಗ ನಾವು ಹಾಡಿದವರನ್ನಷ್ಟೇ ನೆನೆಯುತ್ತೇವೆ. ಇಂಥವರ ಋಣವೂ ನಮ್ಮ ಮೇಲಿದೆ.

ಈ ವಾರ ಕೈಯಲ್ಲಿರುವುದು ಹೆಲ್ವಿ ರೌಟಿಯೊ ಅವರ ಹಾಡು. ನಲವತ್ತು ಬೇಸಿಗೆ ಕೆರೆದಂಡೆಯ ನೃತ್ಯಮಂಟಪಗಳಲ್ಲಿ ಹಾಡಿದ ಈಕೆಗೆ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇದು ಮೊದಲ ಧ್ವನಿಮುದ್ರಣ. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ‘ಸ’ ಬಂದಲ್ಲೆಲ್ಲ ಸೀಟಿ. ಮುದ್ರಣವಾದ ತಮ್ಮ ದನಿ ತಾವೇ ಕೇಳಿ, “ಇನ್ನು ಹಾಡೋದೇ ಬೇಡ ಬಿಡು” ಎಂದು ಕೋಟು ತೊಟ್ಟು ಹೊರಟೇಬಿಟ್ಟಿದ್ದರು.

ಟೂಲಿಕ್ಕಿ ಎಡವಿದ್ದೂ ಆಗಲೇ. ಅವರನ್ನು ಸಮಾಧಾನಪಡಿಸುವ ಅವಸರದಲ್ಲಿ, ಎಲ್ಲ ‘ಸ’ಗಳನ್ನೂ ಒಟ್ಟಿಗೆ ಅದುಮುವ ಸಲಕರಣೆಗೆ ಕೆಲಸ ಒಪ್ಪಿಸಿದರು. ಅದನ್ನು ಕೇಳಿ ಹೆಲ್ವಿ ಸಿಡಿದರು: “ಯಾರೇ ಇವಳು? ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಹಾಡ್ತಿದಾಳೆ! ಶನಿವಾರದೊಳಗೆ ಸರಿಹೋಗದಿದ್ರೆ ಅಳಿಸಿಹಾಕು. ನಾನೂ ಹಾಡೋದು ನಿಲ್ಲಿಸ್ತೀನಿ.”

“ಅವರು ಬೈದಿದ್ದು ಸರಿಯಾಗೇ ಇತ್ತು. ಪೂರ್ತಿ ಅದುಮಿದ್ರೆ ಹಾಡು ತೊದಲುತ್ತೆ” ಎಂದು ಒಪ್ಪುತ್ತಾರೆ ಟೂಲಿಕ್ಕಿ. ಸಲಕರಣೆ ಮಾಡಿದ್ದನ್ನೆಲ್ಲ ಅಳಿಸಿ ಮೊದಲಿಂದ ಶುರುಮಾಡಿದ್ದಾರೆ. ಹಾಡಿನಲ್ಲಿರುವ ‘ಸ’ಗಳು ನೂರ ನಲವತ್ತಮೂರು. ಒಂದೊಂದನ್ನೂ ಕೈಯಾರೆ ತಗ್ಗಿಸಲು ಮೂರು ಮುಂಜಾನೆ ಹಿಡಿದಿದೆ. ಕೊನೆಯ ಪರೀಕ್ಷೆ ಒಲೆಯ ಮುಂದೆ. “ಸಣ್ಣಗೆ ಹಾಡು ಹಾಕಿ ಗಂಜಿ ಕಲಕ್ತೀನಿ. ಯಾವ ‘ಸ’ಗೆ ಸೌಟು ನಿಲ್ಲುತ್ತೋ ಅದು ಇನ್ನೂ ಜಾಸ್ತಿ ಇದೆ ಅಂತ ಲೆಕ್ಕ.”

ಶನಿವಾರ ಹೆಲ್ವಿ ಕೋಟು ಕೂಡ ಬಿಚ್ಚದೆ ಕೇಳಲು ಕೂರುತ್ತಾರೆ. ಎರಡನೇ ಚರಣದ ಹೊತ್ತಿಗೆ ಗುಂಡಿ ಬಿಚ್ಚುತ್ತಾರೆ, ಮೂರನೆಯದಕ್ಕೆ ತಾವೂ ದನಿಗೂಡಿಸುತ್ತಾರೆ. ಹಾಡು ಮುಗಿದಾಗ ಕಣ್ಣು ತುಂಬಿದೆ.

“ಹಲ್ಲು ಚೆನ್ನಾಗೇ ಕೂತಿದೆಯಲ್ಲೇ! ಆ ಹಲ್ಲಿನ ಡಾಕ್ಟರಿಗೆ ಆರು ತಿಂಗಳಿಂದ ಸುಮ್ನೆ ಶಾಪ ಹಾಕ್ತಿದ್ನಲ್ಲ! ಸೋಮವಾರ ಏಲಕ್ಕಿ ಬನ್ನು ಮಾಡಿ ಕೊಟ್ಟು ಬರ್ತೀನಿ.”

ತಮ್ಮ ಮೂರು ಮುಂಜಾನೆಯ ಕೈಕೆಲಸ ಹೆಲ್ವಿಯ ಕಿವಿಗೇ ಬೀಳದಷ್ಟು ಚೆನ್ನಾಗಿ ಕೂತಿದೆಯೆಂದು ಟೂಲಿಕ್ಕಿ ಮನಸಾರೆ ನಗುತ್ತಾರೆ. “ಕೊಡಿ ಹೆಲ್ವಿ, ಬಿಸಿಬಿಸಿ ಇರುವಾಗ್ಲೇ ಕೊಡಿ. ಪಾಪ, ಅವರಿಗೆ ಯಾರು ಥ್ಯಾಂಕ್ಸ್ ಹೇಳ್ತಾರೆ?”